ಗುಜರಿ ಅಂಗಡಿಯ ಬೀಡಿನ ಕಾವಲಿ: ತುಕ್ಕಿದ್ದರೆ ಪರವಾಗಿಲ್ಲ, ಬಿರುಕಿದ್ದರೆ ಬೇಡ

ಮಳೆಗಾಲಕ್ಕೆ ಮುಂಚೆ ಮಲೆನಾಡಿನ ಮನೆಗಳಲ್ಲಿ ಮಾಡು ರಿಪೇರಿ ನಡೆಯುತ್ತದೆ, ಅಟ್ಟ ಖಾಲಿಯಾಗುತ್ತದೆ. ಅಲ್ಲಿಂದ ಇಳಿದ ಕಬ್ಬಿಣವೆಲ್ಲ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಗುಜರಿ ಅಂಗಡಿಗಳಿಗೆ ಬಂದು ಬೀಳುತ್ತದೆ. ಹಳೇ ಸಾಮಾನು ಕೂಡಿಡುವವರು ಏಪ್ರಿಲ್, ಮೇ ತಿಂಗಳಲ್ಲಿ ಒಂದು ಸುತ್ತು ಹೋಗಿಬರಬೇಕು. ಮಳೆ ಹಿಡಿದ ಮೇಲೆ ಅದೇ ಸಾಮಾನು ಅಂಗಳದಲ್ಲಿ ನೆನೆದು, ಮೇಲ್ಪದರದ ತುಕ್ಕು ಒಳಕ್ಕೆ ಇಳಿದು ಗುಳಿ ಮಾಡಿಬಿಡುತ್ತದೆ.

ಈ ರಾಶಿಯಲ್ಲಿ ಕಣ್ಣುಮುಚ್ಚಿ ಶಿಫಾರಸು ಮಾಡಬಹುದಾದದ್ದು ಬೀಡಿನ, ಅಂದರೆ ಎರಕದ ಕಬ್ಬಿಣದ, ದೋಸೆ ಕಾವಲಿ. ಎಷ್ಟೇ ಕೆಂಪು ತುಕ್ಕು ಹಿಡಿದಿದ್ದರೂ ಕಾವಲಿ ಮರಳಿ ಬಳಕೆಗೆ ಬರುತ್ತದೆ. ಬಿರುಕು ಬಿಟ್ಟಿದ್ದರೆ ಮಾತ್ರ ಬರುವುದಿಲ್ಲ. ಬೀಡು ಬಿರುಸು, ಬಡಿದರೆ ಬಾಗದೆ ಒಡೆಯುತ್ತದೆ. ವೆಲ್ಡಿಂಗ್ ಮಾಡಿಸಿದರೂ ಕಾದು ತಣಿಯುವಾಗ ಪಕ್ಕದಲ್ಲೇ ಮತ್ತೆ ಸೀಳುತ್ತದೆ.

ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಹಿಡಿಯಲ್ಲಿ ಒಂದು ಬೆರಳು ಸಿಕ್ಕಿಸಿ ಎತ್ತಿ, ಸಣ್ಣ ಕಬ್ಬಿಣದ ಸರಳಿನಿಂದ ಅಂಚಿಗೆ ತಟ್ಟಿ. ಟಣ್ ಎಂದು ದನಿ ಎಳೆದರೆ ಸರಿ, ಡಬ್ ಎಂದು ಅಲ್ಲೇ ಸತ್ತರೆ ಎಲ್ಲೋ ಬಿರುಕಿದೆ. ಅನುಮಾನವಿದ್ದರೆ ಆ ಜಾಗಕ್ಕೆ ಸೀಮೆಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಒಣಗುವಂತೆ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿನೊಳಗೆ ಉಳಿದ ಎಣ್ಣೆ ಮೇಲಕ್ಕೆ ಜಿನುಗಿ, ಪುಡಿಯಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಮೂಡುತ್ತದೆ. ಆ ಗೆರೆ ಕಂಡರೆ ಅಲ್ಲೇ ಬಿಟ್ಟು ಬನ್ನಿ. ತೂಕವೂ ಒಂದು ಸಾಕ್ಷಿ: 12 ಇಂಚು ಅಗಲ, ಕಾಲಿಂಚು ದಪ್ಪದ ಬೀಡು ಹಿಡಿ ಬಿಟ್ಟು ಸುಮಾರು 3 ಕೆ.ಜಿ. 300 ಗ್ರಾಂ ತೂಗಬೇಕು. ತೀರಾ ಹಗುರವಿದ್ದರೆ ಅದು ತಗಡಿನ ಕಾವಲಿ.

ದರದ ವಿಷಯದಲ್ಲಿ ಕೇಳಬೇಕಾದ ಮೊದಲ ಮಾತು, "ಅಣ್ಣಾ, ಇದು ತೂಕಕ್ಕಾ, ಪೀಸಿಗಾ?" ಉಜ್ಜಿ ನೋಡುವ ಮುಂಚೆಯೇ ಕೇಳಿ. ಒಳಗಿನ ಹೊಳಪು ಕಂಡ ಮೇಲೆ ತೂಕದ ಸಾಮಾನು ಪೀಸಿನದಾಗುತ್ತದೆ. "ಭದ್ರಾವತಿ ಕಬ್ಬಿಣ ಸಾರ್" ಎಂದು ಹೆಚ್ಚು ದರ ಹೇಳಿದರೆ ಎರಕದಲ್ಲಿ ಮೂಡಿದ ಅಕ್ಷರ ತೋರಿಸಿ ಅನ್ನಿ. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಮಲೆನಾಡಿನ ಕಾಡಿನ ಇದ್ದಿಲಿನಿಂದ ಕಬ್ಬಿಣ ಕರಗಿಸಲು ಶುರುಮಾಡಿದ್ದು ನಿಜ. ಆದರೆ ಎರಕದ ಗುರುತಿಲ್ಲದ ಕಾವಲಿ ಯಾವ ಕುಲುಮೆಯದು ಎಂದು ನೋಡಿ ಹೇಳಲು ಆಗುವುದಿಲ್ಲ.

ಮನೆಗೆ ತಂದ ಮೇಲೆ ಬಹಳ ಜನ ಮಾಡುವ ತಪ್ಪು, ಹಳೇ ಜಿಡ್ಡು ಸುಡಲಿ ಎಂದು ಬಚ್ಚಲೊಲೆಗೆ ಹಾಕುವುದು. ಒಂದೇ ಕಡೆ ಕೆಂಪಗೆ ಕಾದರೆ ಕಾವಲಿ ಸೊಟ್ಟಗಾಗುತ್ತದೆ, ಇಲ್ಲವೇ ಒಡೆಯುತ್ತದೆ. ಇನ್ನೊಂದು ತಪ್ಪು, ತುಕ್ಕು ಬಿಡಲಿ ಎಂದು ನೇರವಾಗಿ ಹುಳಿ ನೀರಿಗೆ ಹಾಕುವುದು. ಸುಟ್ಟ ಎಣ್ಣೆಯ ಪದರವನ್ನು ಹುಳಿ ದಾಟುವುದಿಲ್ಲ, ಅಲ್ಲಲ್ಲಿ ಮಾತ್ರ ತುಕ್ಕು ಬಿಟ್ಟು ಮಚ್ಚೆ ಮಚ್ಚೆಯಾಗುತ್ತದೆ. ಮೊದಲು 5 ಲೀಟರ್ ಬಿಸಿನೀರಿಗೆ 100 ಗ್ರಾಂ ವಾಷಿಂಗ್ ಸೋಡಾ ಹಾಕಿ ನೆನೆಸಿ, ಜಿಡ್ಡು ಕೆರೆದು ತೆಗೆಯಿರಿ. ಆಮೇಲೆ ಪ್ಲಾಸ್ಟಿಕ್ ಟಬ್ಬಿನಲ್ಲಿ ಲೀಟರಿಗೆ 50 ಗ್ರಾಂ ಸಿಟ್ರಿಕ್ ಆ್ಯಸಿಡ್ ಪುಡಿ ಕರಗಿಸಿ ಮುಳುಗಿಸಿ. ಅರ್ಧ ಗಂಟೆಗೊಮ್ಮೆ ತೆಗೆದು ತೆಂಗಿನ ನಾರಿನಲ್ಲಿ ಉಜ್ಜಿ. ರಾತ್ರಿಯಿಡೀ ಮರೆತುಬಿಟ್ಟರೆ ತುಕ್ಕಿನ ಜತೆ ಒಳ್ಳೆಯ ಕಬ್ಬಿಣವೂ ಕರಗುತ್ತದೆ. ಕೊನೆಗೆ ಅಡುಗೆ ಸೋಡಾದ ನೀರಲ್ಲಿ ತೊಳೆದು ತಕ್ಷಣ ಒಲೆಯ ಮೇಲಿಟ್ಟು ಒಣಗಿಸಿ. ಐದು ನಿಮಿಷ ತಡಮಾಡಿದರೂ ಹಸಿ ಕಬ್ಬಿಣದ ಮೇಲೆ ಕಿತ್ತಳೆ ಬಣ್ಣ ಏರುತ್ತದೆ.

ಪಳಗಿಸುವಾಗ ಕೊಬ್ಬರಿ ಎಣ್ಣೆ ಬೇಡ. ಅದು ಕಾದರೂ ಗಟ್ಟಿ ಪದರವಾಗುವುದು ಕಡಿಮೆ. ಶೇಂಗಾ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಹಚ್ಚಿ, ಹಚ್ಚಿದ್ದನ್ನೆಲ್ಲ ಒರೆಸಿ ತೆಗೆಯುವಂತೆ ಉಜ್ಜಿ, ಹೊಗೆ ನಿಲ್ಲುವ ತನಕ ಕಾಯಿಸಿ. ಹೀಗೆ ಐದಾರು ಸಲ. ಎಣ್ಣೆ ದಪ್ಪವಾದರೆ ಗಟ್ಟಿಯಾಗದೆ ಅಂಟಂಟಾಗುತ್ತದೆ. ಕೋಲಿಗೆ ಚುಚ್ಚಿದ ಅರ್ಧ ಈರುಳ್ಳಿಯಿಂದ ಎಣ್ಣೆ ಸವರುವ ನಮ್ಮ ಅಡುಗೆಮನೆಯ ಪದ್ಧತಿಯಲ್ಲಿ ಈ ತೆಳುವು ತಾನೇ ಬರುತ್ತದೆ. ಮೊದಲ ವಾರ ದಪ್ಪ ದೋಸೆ ಹುಯ್ಯಿರಿ, ನೀರುದೋಸೆಗೆ ಅವಸರ ಬೇಡ. ಕಾವಲಿ ಕಪ್ಪಗೆ ಮಿರುಗಿ, ಅಂಚು ತಾನಾಗಿ ಎದ್ದ ಮೊದಲ ದೋಸೆಯ ಖುಷಿಯೇ ಬೇರೆ.

ಎರಡನೆಯ ಸ್ಥಾನ ಅಡಿಕೆ ಸುಲಿಯುವ ಮೆಟ್ಟುಗತ್ತಿಗೆ. ಅದರ ಅಲಗಿನ ಕಪ್ಪನ್ನು ತುಕ್ಕೆಂದುಕೊಂಡು ಮರಳುಕಾಗದ ಹಾಕಬೇಡಿ. ಹಸಿ ಅಡಿಕೆಯ ಚೊಗರು, ಅಂದರೆ ಒಗರು ರಸ, ಕಬ್ಬಿಣದ ಜತೆ ಸೇರಿ ಆದ ಪದರ ಅದು. ಸುಲಿಯುವವರ ಬೆರಳಿಗೆ ಹತ್ತುವ ಕಪ್ಪಿನ ಮೂಲವೂ ಆ ಚೊಗರೇ. ಆ ಪದರ ಕೆಳಗಿನ ಕಬ್ಬಿಣವನ್ನು ಸ್ವಲ್ಪಮಟ್ಟಿಗೆ ಕಾಯುತ್ತದೆ. ಬಾಯಿಯ ಅಂಚನ್ನಷ್ಟೇ ಸಾಣೆ ಹಿಡಿಯಿರಿ, ಉಳಿದದ್ದಕ್ಕೆ ಎಣ್ಣೆ ಸಾಕು.

ಸೇರು, ಪಾವು, ಚಟಾಕು ಸಿಕ್ಕರೆ ವೈರ್ ಬ್ರಷ್ ಹತ್ತಿರ ತರಬೇಡಿ. ಮೆಟ್ರಿಕ್ ಅಳತೆಯ ಕಾಯ್ದೆ ಬಂದದ್ದು 1956ರಲ್ಲಿ. ಅದಕ್ಕಿಂತ ಹಿಂದಿನ ಮುದ್ರೆಗಳು ಅಂಚಿನ ಬಳಿ ತೀರಾ ತೆಳುವಾಗಿರುತ್ತವೆ, ಒಮ್ಮೆ ಉಜ್ಜಿಹೋದರೆ ಅಳತೆಯ ಹುಟ್ಟುಗುರುತೇ ಹೋಯಿತು. ಹಿತ್ತಾಳೆ ಎಂದು ಕೊಡುವ ಪಾತ್ರೆಗೆ ಆಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಒಳಗಿರುವುದು ಕಬ್ಬಿಣ, ಮೇಲೆ ಬರೀ ಲೇಪ. ನಿಜವಾದ ಹಿತ್ತಾಳೆಯಾದರೂ ಕಲಾಯಿ ಹಾಕಿಸದೆ ಹುಳಿ, ಸಾರು ಮಾಡಬೇಡಿ.

ಲಾಟೀನಿನಲ್ಲಿ ಮೋಸಹೋಗುವುದು ಸುಲಭ. ಮೇಲೆ ಚೆಂದ ಕಂಡರೂ ಎಣ್ಣೆ ತುಂಬುವ ತಳ ಒಳಗಿನಿಂದ ತಿಂದುಹೋಗಿರುತ್ತದೆ. ನೀರು ತುಂಬಿ ಕಾಗದದ ಮೇಲೆ ಹತ್ತು ನಿಮಿಷ ಇಡಿ. ಸತುವಿನ ಲೇಪವಿರುವ ಲಾಟೀನನ್ನು ಹುಳಿಗೆ ಹಾಕಿದರೆ ತುಕ್ಕಿಗಿಂತ ಮುಂಚೆ ಲೇಪವೇ ಹೋಗುತ್ತದೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದಾಗ ಉಜ್ಜಬೇಡಿ.

ಗುಜರಿ ಅಂಗಡಿಗಳ ದೊಡ್ಡ ಕೊರತೆ, ತಂದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ರಾಶಿಯೊಳಗೆ ಕೈ ಹಾಕುವುದೂ ಅಪಾಯ. ದಪ್ಪ ಕೈಗವಸು ಇರಲಿ. ಧನುರ್ವಾಯು ತರುವ ರೋಗಾಣು ಇರುವುದು ತುಕ್ಕಿನಲ್ಲಲ್ಲ, ಅದಕ್ಕೆ ಮೆತ್ತಿದ ಮಣ್ಣಿನಲ್ಲಿ. ಆಳವಾಗಿ ಚುಚ್ಚಿದರೆ ಗಾಯ ತೊಳೆದು ಟಿಟಿ ಇಂಜೆಕ್ಷನ್ ಬಗ್ಗೆ ವೈದ್ಯರನ್ನು ಕೇಳಿ.

ಜೂನ್ ಬಂದಾಗ ಕಾವಲಿಯನ್ನು ಪೇಪರಿನಲ್ಲಿ ಸುತ್ತಿಡಬೇಡಿ, ಪೇಪರ್ ನೀರು ಹೀರಿ ಕಬ್ಬಿಣಕ್ಕೆ ಒತ್ತುತ್ತದೆ. ತೆಳ್ಳಗೆ ಎಣ್ಣೆ ಸವರಿ, ಒಲೆಯ ಬಿಸಿ ತಾಗುವ ಗೋಡೆಗೆ ಮೊಳೆ ಹೊಡೆದು ನೇತುಹಾಕಿ.