ಕಲಬುರಗಿ ಬಿಸಿಲಿಗೆ ಯಾವ ನೂಲು, ಯಾವ ಬಟ್ಟೆ? ಕೌದಿ, ಹೆಣಿಗೆ, ಕ್ರೋಶಾ ಸಾಮಾನಿನ ವಿಮರ್ಶೆ

ಒಂದು ಸಿಂಗಲ್ ಕೌದಿ, ತೊಟ್ಟಿಲ ಕೂಸಿಗೆ ಒಂದು ಕುಲಾವಿ, ಟೇಬಲ್ ಮೇಲೆ ಹಾಸಲು ಕೊಕ್ಕೆ ಕಡ್ಡಿಯಿಂದ ಹೆಣೆದ ಒಂದು ದುಂಡನೆಯ ಕ್ರೋಶಾ ಹಾಸು, ಬಾಗಿಲಿಗೆ ಒಂದು ತೋರಣ. ಮನೆಯಲ್ಲಿ ಹೊಲಿಗೆ ಮಷೀನ್ ಇದ್ದು ದಿನಕ್ಕೆ ಎರಡು ಮೂರು ತಾಸು ಕೂರುವವರಿಗೆ ಇದು ಒಂದು ತಿಂಗಳ ಕೆಲಸ. ಬೇಕಾದ ಬಹುಪಾಲು ಸಾಮಾನು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಸುತ್ತಿನ ಫ್ಯಾನ್ಸಿ ಅಂಗಡಿ, ಬಟ್ಟೆ ಅಂಗಡಿ, ಗಾದಿ ಅಂಗಡಿಗಳಲ್ಲೇ ಸಿಗುತ್ತದೆ. ಸಿಕ್ಕಿದ್ದೆಲ್ಲ ಈ ಊರಿಗೆ ಹೊಂದುತ್ತದೆ ಎನ್ನುವಂತಿಲ್ಲ. ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟುವ ಬಿಸಿಲು, ಸೋಪಿನ ನೊರೆ ಏಳದ ಬೋರ್‌ವೆಲ್‌ನ ಗಡಸು ನೀರು: ಈ ಎರಡಕ್ಕೂ ತಡೆಯುವುದೇ ಒಳ್ಳೆಯ ಸಾಮಾನು. ಇಲ್ಲಿನ ತೀರ್ಪೆಲ್ಲ ಆ ಅಳತೆಯಲ್ಲೇ ಇದೆ.

ಮೊದಲು ನೂಲು. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದು ಹೆಚ್ಚಾಗಿ ಕುರಿಯ ಉಣ್ಣೆಯಲ್ಲ, ಅಕ್ರಿಲಿಕ್. ಲುಧಿಯಾನಾದ ವರ್ಧಮಾನ್, ಓಸ್ವಾಲ್ ಉಂಡೆಗಳು ಬಹಳ ಕಡೆ ಸಿಗುತ್ತವೆ. ಅಕ್ರಿಲಿಕ್‌ನ ಗುಣ ಸ್ಪಷ್ಟ: ಹಗುರ, ಒಗೆದರೆ ಕುಗ್ಗದು, ಬೇಗ ಒಣಗುತ್ತದೆ, ಬಿಸಿಲಿಗೆ ಸುಲಭವಾಗಿ ಜೀರ್ಣವಾಗುವುದಿಲ್ಲ. ಬೆವರು ಮಾತ್ರ ಹೀರದು. ಆದ್ದರಿಂದ ಡಿಸೆಂಬರ್, ಜನವರಿಯ ಕುಲಾವಿಗೂ ವರ್ಷವಿಡೀ ಬಾಗಿಲಲ್ಲಿ ತೂಗುವ ತೋರಣಕ್ಕೂ ಅದೇ ಸರಿ. ಮಾರ್ಚ್ ನಂತರ ಹುಟ್ಟುವ ಕೂಸಿಗೆ ಅಕ್ರಿಲಿಕ್ ಟೊಪ್ಪಿಗೆ ಹೆಣೆಯಬೇಡಿ. ಕೂಸಿನ ಮೈಬಿಸಿ ಹೊರಹೋಗುವುದು ಬಹಳಷ್ಟು ತಲೆಯಿಂದಲೇ. ಅದನ್ನು ಮುಚ್ಚಿಟ್ಟರೆ ಮೈ ಕಾಯುತ್ತದೆ. ಆಗ ಹತ್ತಿ ನೂಲೇ ಬೇಕು.

ಹತ್ತಿಯ ವಿಷಯದಲ್ಲೇ ಮೋಸ ಹೋಗುವುದು. ಮಿಲ್ಕ್ ಕಾಟನ್ ಹೆಸರಿನ ಮೆತ್ತನೆಯ ನೂಲು ಈಗ ಎಲ್ಲೆಡೆ ಬಂದಿದೆ, ಬಣ್ಣಗಳೂ ಕಣ್ಣು ತುಂಬುವಂಥವು. ಆದರೆ ಅದರಲ್ಲಿ ಸಾಮಾನ್ಯವಾಗಿ ಅಕ್ರಿಲಿಕ್ ಬೆರೆತಿರುತ್ತದೆ, ಎಷ್ಟು ಎಂಬುದು ಒಂದೊಂದು ತಯಾರಿಕೆಗೆ ಒಂದೊಂದು. “ಕಾಟನ್ನೇ ಅದ ರೀ ಅಕ್ಕಾರ” ಎಂಬ ಮಾತಿಗಿಂತ ಬೆಂಕಿಕಡ್ಡಿ ನಂಬಿಕಸ್ತ. ಎರಡು ಇಂಚು ನೂಲು ಕತ್ತರಿಸಿ ಚಿಮಟಿಗೆಯಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಅಕ್ರಿಲಿಕ್ ಇದ್ದರೆ ಕರಗಿ, ತುದಿಯಲ್ಲಿ ಗಟ್ಟಿ ಕಪ್ಪು ಮಣಿ ಕಟ್ಟುತ್ತದೆ. ಮಿಶ್ರಣದ ನೂಲು ಕೆಟ್ಟದ್ದೇನಲ್ಲ. ಗೊಂಬೆ, ಚೀಲ, ಕುಶನ್ ಕವರಿಗೆ ಚೆನ್ನಾಗಿದೆ. ಬಿಸಿ ಪಾತ್ರೆ ಹಿಡಿಯುವ ಅರಿವೆಗೆ ಮಾತ್ರ ಖಂಡಿತ ಬೇಡ, ಕರಗಿ ಕೈಗೆ ಅಂಟುತ್ತದೆ.

ಬೆಲೆಯನ್ನು ಉಂಡೆಯ ಲೆಕ್ಕದಲ್ಲಿ ಹೋಲಿಸಬೇಡಿ. ಒಂದು ಉಂಡೆ 25 ಗ್ರಾಂ, ಇನ್ನೊಂದು 50, ಮತ್ತೊಂದು 100 ಇರುತ್ತದೆ. ನೂರು ಗ್ರಾಂಗೆ ಎಷ್ಟು ಎಂದು ಲೆಕ್ಕ ಹಾಕಿದರೆ ಅಗ್ಗದ್ದು ಎಷ್ಟೋ ಸಲ ಅಗ್ಗವಲ್ಲ. ಲೇಬಲ್ ಮೇಲೆ ಲಾಟ್ ನಂಬರ್ ಎಂದು ಇರುವುದು ಒಂದೇ ಸಲಕ್ಕೆ ಬಣ್ಣ ಹಾಕಿದ ನೂಲಿನ ಗುರುತು. ಅದೇ ಬಣ್ಣದ ಬೇರೆ ಲಾಟ್ ಅಂಗಡಿಯ ದೀಪದಲ್ಲಿ ಒಂದೇ ಥರ ಕಂಡು, ಅಂಗಳದ ಬೆಳಕಿನಲ್ಲಿ ಪಟ್ಟಿಯಾಗಿ ಎದ್ದು ಕಾಣುತ್ತದೆ. ಒಂದು ಉಂಡೆ ಹೆಚ್ಚಿಗೆ ತರುವುದೇ ಸುರಕ್ಷಿತ. ಕಡಿಮೆ ಬಿದ್ದು ಬೇರೆ ಲಾಟ್ ತರಲೇಬೇಕಾದರೆ, ಎರಡೂ ಉಂಡೆಯಿಂದ ಎರಡೆರಡು ಸಾಲು ಅದಲು ಬದಲು ಹೆಣೆದರೆ ವ್ಯತ್ಯಾಸ ಕರಗುತ್ತದೆ.

ಹೆಣಿಗೆ ಕಡ್ಡಿಗಳಲ್ಲಿ ಪೋನಿ ಕಂಪನಿಯ ಅಲ್ಯೂಮಿನಿಯಂ ಕಡ್ಡಿ ಸಾಕು. ಹಗುರ, ನೇರ, ತುದಿ ನಯ. ಬಿಳಿ ಹತ್ತಿ ಹೆಣೆಯುವಾಗ ಬೆವರು ಕೈಗೆ ಅಲ್ಯೂಮಿನಿಯಂ ಬೂದು ಕಲೆ ಬಿಡಬಹುದು. ಬೇಸಿಗೆಗೆ ಬಿದಿರಿನ ಕಡ್ಡಿ ಮೇಲು. ಗೊಂದಲ ಇರುವುದು ನಂಬರಿನಲ್ಲಿ. ನಮ್ಮ ಅಂಗಡಿಗಳ ಹಳೆಯ ನಂಬರಿನಲ್ಲಿ ಸಂಖ್ಯೆ ಏರಿದಷ್ಟೂ ಕಡ್ಡಿ ಸಣ್ಣ: 6 ಅಂದರೆ 5 ಮಿ.ಮೀ., 8 ಅಂದರೆ 4, 10 ಅಂದರೆ 3.25. ಅಮೆರಿಕದ ನಂಬರಿನಲ್ಲಿ ಇದು ಉಲ್ಟಾ, ಅಲ್ಲಿ 8 ಅಂದರೆ 5 ಮಿ.ಮೀ. ಮೊಬೈಲಿನಲ್ಲಿ ನೋಡಿದ ಮಾದರಿಯ ನಂಬರನ್ನೇ ಅಂಗಡಿಯಲ್ಲಿ ಹೇಳಿದರೆ ಒಂದು ಮಿ.ಮೀ. ತಪ್ಪಿದ ಕಡ್ಡಿ ಮನೆಗೆ ಬರುತ್ತದೆ. ಮಿ.ಮೀ. ಕೇಳಿ ತನ್ನಿ.

ಆ ಒಂದು ಮಿ.ಮೀ. ಏನು ಮಾಡುತ್ತದೆ ಎಂಬುದಕ್ಕೆ ಕುಲಾವಿಯೇ ಸಾಕ್ಷಿ. ಮಧ್ಯಮ ದಪ್ಪದ ಅಕ್ರಿಲಿಕ್, 4 ಮಿ.ಮೀ. ಕಡ್ಡಿ, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ: 10 ಸೆಂ.ಮೀ.ಗೆ ಸುಮಾರು 22 ಕುಣಿಕೆ ಬರಬೇಕು. 80 ಕುಣಿಕೆ ಹಾಕಿದರೆ 36 ಸೆಂ.ಮೀ. ಸುತ್ತಳತೆ, ಎಳೆ ಕೂಸಿನ ತಲೆಗೆ ಸರಿ. ಅದೇ 80 ಕುಣಿಕೆ 10 ಸೆಂ.ಮೀ.ಗೆ 18ರಂತೆ ಬಂದರೆ 44 ಸೆಂ.ಮೀ. ಆಗಿ ಕಣ್ಣಿನ ಮೇಲೆ ಇಳಿಯುತ್ತದೆ. ಆದ್ದರಿಂದ ಅಂಗೈಯಗಲದ ತುಂಡೊಂದನ್ನು ಮೊದಲು ಹೆಣೆದು, ಒಗೆದು, ಒಣಗಿಸಿ ಎಣಿಸಿ. ಲೆಕ್ಕ ಸರಿಹೋದರೆ 82 ಕುಣಿಕೆ ಹಾಕಿ; ಹೆಚ್ಚಿನ ಎರಡು ಹಿಂದಿನ ಹೊಲಿಗೆಗೆ. 3.25 ಮಿ.ಮೀ. ಕಡ್ಡಿಯಲ್ಲಿ ಎರಡು ಸೀದಾ ಎರಡು ಉಲ್ಟಾ ಪಟ್ಟಿ 4 ಸೆಂ.ಮೀ., ಆಮೇಲೆ 4 ಮಿ.ಮೀ.ಗೆ ಬದಲಿಸಿ ಒಟ್ಟು 13 ಸೆಂ.ಮೀ. ಎತ್ತರದವರೆಗೆ ಸಾದಾ. ನಂತರ ಅಂಚಿನ ಒಂದೊಂದು ಬಿಟ್ಟು, 8 ಹೆಣೆದು 2 ಕೂಡಿಸುತ್ತ ಸಾಲು ಮುಗಿಸಿ. ಉಲ್ಟಾ ಸಾಲು ಸುಮ್ಮನೆ. ಮುಂದಿನ ಸೀದಾ ಸಾಲಿಗೆ 7 ಹೆಣೆದು 2 ಕೂಡಿಸಿ. ಹೀಗೆ ಪ್ರತಿ ಸೀದಾ ಸಾಲಿಗೆ 8 ಇಳಿಯುತ್ತ, ಕೊನೆಗೆ 10 ಉಳಿದಾಗ ನೂಲು ಪೋಣಿಸಿ ಬಿಗಿದು ಕಟ್ಟಿ. 30 ಗ್ರಾಂ ಸಾಕು. ಕೆಳಗಿನ ಅಂಚು ಹಣೆಗೆ ಕೊರೆಯುವುದು ಮೊದಲ ಸಾಲು ಬಿಗಿಯಾದಾಗ. ಎರಡು ಕಡ್ಡಿ ಜೋಡಿಸಿ ಹಿಡಿದು ಕುಣಿಕೆ ಹಾಕಿದರೆ ಆ ತೊಂದರೆ ಇಲ್ಲ. ಅಕ್ರಿಲಿಕ್ ಮೇಲೆ ಬಿಸಿ ಇಸ್ತ್ರಿ ಇಟ್ಟರೆ ಕೆಲಸ ಮುಗಿದಂತೆಯೇ: ಎಳೆ ಚಪ್ಪಟೆಯಾಗಿ ಹೊಳಪೇರಿ, ಮತ್ತೆ ಹಿಂದಿನಂತೆ ಆಗದು.

ಈಗ ಕೌದಿ. ತಿಂಗಳ ಹೆಚ್ಚು ಹೊತ್ತು ತಿನ್ನುವುದೂ, ನಮ್ಮ ಭಾಗದ ಹೆಣ್ಣುಮಕ್ಕಳ ಕೈಯಲ್ಲಿ ನಿಜಕ್ಕೂ ಬೆಳಗುವುದೂ ಇದೇ. ಬಟ್ಟೆಯಲ್ಲಿ ಹಳೆಯ ಹತ್ತಿ ಸೀರೆ, ಧೋತ್ರಕ್ಕೆ ಸಾಟಿ ಇಲ್ಲ. ಕುಗ್ಗುವುದಿದ್ದರೆ ಕುಗ್ಗಿ, ಬಣ್ಣ ಬಿಡುವುದಿದ್ದರೆ ಬಿಟ್ಟು ಮುಗಿಸಿರುತ್ತವೆ. ಬೆಳಕಿಗೆ ಹಿಡಿದು ಜಾಳಾದ ಕಡೆ ಗುರುತು ಮಾಡಿ, ಎರಡು ಹೆಬ್ಬೆರಳಿಂದ ಎಳೆದು ನೋಡಿ. ಚರ್ರೆಂದರೆ ಆ ತುಂಡು ಬಿಡಿ. ಇಳಕಲ್ ಸೀರೆಯಾದರೆ ಒಡಲಷ್ಟೇ ಚೌಕಕ್ಕೆ ಬಳಸಿ. ಸೆರಗು, ದಡಿಗಳ ರೇಷ್ಮೆ ಎಳೆ ಹತ್ತಿಯಂತೆ ಕುಗ್ಗುವುದಿಲ್ಲ. ಸಣ್ಣ ತುಂಡಾಗಿ ನಡುನಡುವೆ ಸೇರಿಸಿದರೆ ಒಗೆದ ಮೇಲೆ ಸುಕ್ಕು ನಿಲ್ಲುತ್ತದೆ. ಕೆಂಪು ಸೆರಗನ್ನು ಒಂದೇ ದೊಡ್ಡ ತುಂಡಾಗಿ ನಡುವೆ ಇಟ್ಟರೆ ಚಂದವೂ ಹೌದು, ಕ್ಷೇಮವೂ ಹೌದು. ಪಾಲಿಯೆಸ್ಟರ್ ಸೀರೆಯನ್ನು ಹತ್ತಿಯ ಜೊತೆ ಬೆರೆಸಲೇಬೇಡಿ.

ಹೊಸ ಬಟ್ಟೆ ತಂದರೆ ರಾತ್ರಿಯಿಡೀ ನೆನೆಸಿ, ಒಗೆದು, ಇಸ್ತ್ರಿ ಮಾಡಿಯೇ ಕತ್ತರಿಸಿ. ಕೆಂಪು, ಕುಂಕುಮ, ಕಪ್ಪು ಬಣ್ಣಗಳನ್ನು ಬಿಸಿನೀರಲ್ಲಿ ಅದ್ದಿದ ಬಿಳಿ ಅರಿವೆಯಿಂದ ಒತ್ತಿ ನೋಡಿ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ಮನೆಮನೆಯಲ್ಲಿದೆ; ಒಮ್ಮೆ ಹಾಕಿ ಮುಗಿದ ಹತ್ತಿ ಬಣ್ಣವನ್ನು ಉಪ್ಪಾಗಲಿ ವಿನೆಗರ್ ಆಗಲಿ ಕಟ್ಟಿಹಾಕುವುದಿಲ್ಲ. ನೀರು ತಿಳಿಯಾಗುವವರೆಗೆ ಜಾಲಿಸುವುದೊಂದೇ ದಾರಿ. ಜಾಲಿಸಿದರೂ ಬಿಡುತ್ತಲೇ ಇದ್ದರೆ ಆ ಬಟ್ಟೆ ಕೌದಿಗಲ್ಲ.

ಅಳತೆ: 60 ಇಂಚು ಅಗಲ, 90 ಇಂಚು ಉದ್ದ. 6 ಇಂಚಿನ ಚೌಕಗಳಾದರೆ ಅಡ್ಡಕ್ಕೆ 10, ಉದ್ದಕ್ಕೆ 15, ಒಟ್ಟು 150. ಸುತ್ತಲೂ ಕಾಲು ಇಂಚು ಹೊಲಿಗೆಗೆ ಸೇರಿಸಿ ಆರೂವರೆ ಇಂಚಿಗೆ ಕತ್ತರಿಸಬೇಕು. ಐದೂವರೆ ಮೀಟರಿನ ಗಟ್ಟಿ ಸೀರೆ ಒಂದರಲ್ಲೇ ಲೆಕ್ಕಕ್ಕೆ 198 ಚೌಕ ಬರುತ್ತವೆ, ಆದರೆ ಬಣ್ಣಕ್ಕಾಗಿ ನಾಲ್ಕೈದು ಸೀರೆಯಿಂದ ತೆಗೆಯಿರಿ. ಹಿಂಬದಿಗೆ ಇನ್ನೊಂದು ಸೀರೆ: 94 ಇಂಚಿನ ಎರಡು ಪಟ್ಟಿ ಕತ್ತರಿಸಿ ಉದ್ದಕ್ಕೆ ಜೋಡಿಸಿದರೆ ಅಗಲ ಉಳಿದೇ ಉಳಿಯುತ್ತದೆ. ಅಂಚು ಪಟ್ಟಿಗೆ 44 ಇಂಚು ಅಗಲದ ಬಟ್ಟೆ 60 ಸೆಂ.ಮೀ.; ಎರಡೂವರೆ ಇಂಚಿನ ಎಂಟು ಪಟ್ಟಿ ಬೇಕಾಗುತ್ತವೆ.

ಉರುಟು ಅಲಗಿನ ಕಟರ್, ಅದರ ಕೆಳಗೆ ಹಾಸುವ ಮ್ಯಾಟ್ ಇಲ್ಲಿನ ಅಂಗಡಿಗಳಲ್ಲಿ ಕೇಳಿದ ತಕ್ಷಣ ಸಿಗುವಂಥವಲ್ಲ, ಆನ್‌ಲೈನ್‌ನಲ್ಲಿ ತರಿಸಬೇಕು. 45 ಮಿ.ಮೀ. ಅಲಗಿನದು ಕೌದಿಗೆ ಸರಿಯಾದ ಅಳತೆ. ಅಷ್ಟು ಖರ್ಚು ಬೇಡವೆಂದರೆ ಹಳೆಯ ಎಕ್ಸ್‌ರೇ ಹಾಳೆಯಿಂದ ಆರೂವರೆ ಇಂಚಿನ ಅಚ್ಚು ಕತ್ತರಿಸಿಕೊಳ್ಳಿ, ಕಾಗದದ ರಟ್ಟಿನಂತೆ ಅಂಚು ಸವೆಯುವುದಿಲ್ಲ. ಕತ್ತರಿ ಮಾತ್ರ ಬಟ್ಟೆಗೇ ಬೇರೆ ಇರಲಿ.

ಹೊಲಿಗೆಗೆ ನೇರ ಹೊಲಿಗೆಯ ಹಳೆಯ ಕಪ್ಪು ಮಷೀನ್ ಧಾರಾಳ ಸಾಕು. ಹತ್ತಾರು ಡಿಸೈನಿನ ಹೊಸ ಮಷೀನಿಗೆ ಈ ಕೆಲಸಕ್ಕಾಗಿ ಹಣ ಹಾಕುವ ಅಗತ್ಯವಿಲ್ಲ. ಸೂಜಿಯಿಂದ ಸರಿಯಾಗಿ ಕಾಲು ಇಂಚು ದೂರಕ್ಕೆ ಮಷೀನಿನ ತಗಡಿನ ಮೇಲೆ ದಪ್ಪ ಟೇಪಿನ ತುಂಡು ಅಂಟಿಸಿ, ಬಟ್ಟೆಯ ಅಂಚು ಅದಕ್ಕೇ ತಾಗಿ ಸಾಗಲಿ. ಪ್ರತಿ ಹೊಲಿಗೆ ಇಂಚಿನ ಹದಿನಾರನೇ ಒಂದು ಭಾಗ ಸರಿದರೂ ಎರಡು ತುಂಡಿನಿಂದ ಎಂಟನೇ ಒಂದು ಭಾಗ ಹೋಗುತ್ತದೆ. ಹತ್ತು ಚೌಕದ ಸಾಲಿನ ಒಂಬತ್ತು ಹೊಲಿಗೆ ಸೇರಿ ಒಂದು ಇಂಚಿಗಿಂತ ಹೆಚ್ಚೇ ಅಳತೆ ತಪ್ಪುತ್ತದೆ. ಮೂಲೆಗಳು ಕೂಡದಿರುವುದಕ್ಕೆ ಕಾರಣ ಸಾಮಾನ್ಯವಾಗಿ ಇಷ್ಟೇ. ಒಂದು ಸಾಲಿನ ಹೊಲಿಗೆ ಅಂಚನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ ಇಸ್ತ್ರಿ ಮಾಡಿದರೆ ಮೂಲೆಗಳು ಒಂದಕ್ಕೊಂದು ಕಚ್ಚಿ ಕೂರುತ್ತವೆ.

ಒಳಗೆ ಏನು ತುಂಬಬೇಕು? ಗಾದಿ ಅಂಗಡಿಯ ಪಾಲಿಯೆಸ್ಟರ್ ವ್ಯಾಡಿಂಗ್ (ಹಾಳೆಯಂತೆ ಬರುವ ಮೆತ್ತನೆಯ ತುಂಬು) ಹಗುರ, ಒಗೆಯಲು ಸುಲಭ. ಬೀದರಿನ ಚಳಿಗೆ 100ರಿಂದ 150 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವುದು, ಒಳ್ಳೆಯದು. ಕಲಬುರಗಿ, ಯಾದಗಿರಿಗೆ ಅದು ಸೆಕೆ, ಜೊತೆಗೆ ಕಡು ಬಣ್ಣದ ಬಟ್ಟೆಯ ಮೇಲೆ ಬಿಳಿ ಎಳೆ ಹೊರಬರುತ್ತದೆ. ಪಿಂಜಿದ ಹತ್ತಿ ಸುಖವಾದದ್ದು, ಆದರೆ ಎರಡು ಇಂಚಿಗೊಂದು ಸಾಲು ಹೊಲಿಗೆ ಇಲ್ಲದಿದ್ದರೆ ಮೊದಲ ಒಗೆತಕ್ಕೇ ಗಂಟುಗಂಟಾಗುತ್ತದೆ. ಈ ಬಿಸಿಲ ನಾಡಿಗೆ ಎಲ್ಲಕ್ಕಿಂತ ಮೇಲು ಅಜ್ಜಿಯರ ಪದ್ಧತಿಯೇ: ತುಂಬುವುದೇನೂ ಇಲ್ಲ, ನಡುವೆ ಹಳೆಯ ಧೋತ್ರದ ಎರಡು ಪದರು. ಬೇಸಿಗೆಗೆ ಹಾಸಲು, ಮಳೆಗಾಲಕ್ಕೆ ಹೊದೆಯಲು ಒಂದೇ ಕೌದಿ ಸಾಕು.

ಪದರು ಜೋಡಿಸಲು ಶಹಾಬಾದ್ ಫರಸಿಯ ನೆಲದಷ್ಟು ಅನುಕೂಲ ಬೇರೆ ಇಲ್ಲ. ಕಲ್ಲಿನ ಸಂದಿಯ ಗೆರೆಗೆ ಹಿಂಬದಿಯ ಅಂಚು ಹೊಂದಿಸಿದರೆ ಕೌದಿ ಸೊಟ್ಟ ಹೋಗದು. ಒರಟು ಕಲ್ಲಿಗೆ ಟೇಪ್ ಹಿಡಿಯುವುದಿಲ್ಲ, ಅಂಚಿಗೆ ಭಾರ ಇಡಿ. ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರುತ್ತ, ನಾಲ್ಕು ಇಂಚಿಗೊಂದು ಸೇಫ್ಟಿ ಪಿನ್ ಹಾಕಿ. ಕೈಯಲ್ಲಿ ಹೊಲಿಯುವವರು ಬೆರಳಗಲಕ್ಕೊಂದು ಸಾಲು ಹಾಕಲಿ, ಆದರೆ ದಪ್ಪ ಹತ್ತಿ ದಾರವೇ ಇರಲಿ. ಪಾಲಿಯೆಸ್ಟರ್ ದಾರ ಹಳೆಯ ಬಟ್ಟೆಗಿಂತ ಗಟ್ಟಿ. ಎಳೆತ ಬಿದ್ದಾಗ ದಾರ ಉಳಿದು ಬಟ್ಟೆ ಹರಿಯುತ್ತದೆ. ದಾರ ಹರಿದರೆ ಮತ್ತೆ ಹೊಲಿಯಬಹುದು, ಬಟ್ಟೆ ಹರಿದರೆ ತೇಪೆಯೇ ಗತಿ. ಮಷೀನಿನಲ್ಲಾದರೆ 16 ನಂಬರ್ ಸೂಜಿ, 3 ಮಿ.ಮೀ. ಹೊಲಿಗೆ. ಹಿಂಬದಿಯಲ್ಲಿ ಸುಕ್ಕು ಸಿಕ್ಕಿಕೊಳ್ಳುವುದು ಮೇಲಿನ ಪದರನ್ನು ಪಾದ ತಳ್ಳುವುದರಿಂದ. ಪಾದದ ಒತ್ತಡ ಸಡಿಲಿಸಿ, ಇಲ್ಲವೇ ಮೇಲಿನ ಪದರನ್ನೂ ಕೆಳಗಿನದರ ಜೊತೆಗೇ ಸಾಗಿಸುವ ವಾಕಿಂಗ್ ಫೂಟ್ ಎಂಬ ಪಾದ ಹಾಕಿಸಿ. ಪ್ರತಿ ಸಾಲೂ ನಡುವಿನಿಂದಲೇ ಶುರುವಾಗಲಿ.

ಟೇಬಲ್ ಮೇಲಿನ ಕ್ರೋಶಾ ಹಾಸಿಗಾಗಿ ಆಂಕರ್ ಕಂಪನಿಯ ಹೊಳಪಿನ ಹತ್ತಿ ದಾರ, 20 ನಂಬರ್, ಜೊತೆಗೆ 1.25 ಮಿ.ಮೀ. ಉಕ್ಕಿನ ಕೊಕ್ಕೆ ಕಡ್ಡಿ. ದಾರದ ಪುರಿ ಗಟ್ಟಿ, ಎಳೆ ಸೀಳುವುದಿಲ್ಲ, ಹೊಸಬರ ಕೈಗೂ ಒಗ್ಗುತ್ತದೆ. ಕಡ್ಡಿ ಕೊಳ್ಳುವಾಗ ಕೊಕ್ಕೆಯ ಒಳಬದಿಯನ್ನು ಹಳೆಯ ನೈಲಾನ್ ಕಾಲುಚೀಲದ ಮೇಲೆ ಎಳೆದು ನೋಡಿ. ಸಿಕ್ಕಿದರೆ ದಾರವನ್ನೂ ಸಿಕ್ಕಿಸುತ್ತದೆ. ದುಂಡನೆಯ ಹಾಸಿನ ಸೂತ್ರ ಸರಳ: ಮೊದಲ ಸುತ್ತಿಗೆ 12 ಡಬಲ್ ಕ್ರೋಶಾ, ನಂತರ ಪ್ರತಿ ಸುತ್ತಿಗೆ 12 ಹೆಚ್ಚು. ಬಟ್ಟಲಿನಂತೆ ಮೇಲೆದ್ದರೆ ಹೆಚ್ಚಿಸಿದ್ದು ಸಾಲದು, ಅಂಚು ಅಲೆಅಲೆಯಾದರೆ ಅತಿಯಾಯಿತು. ಬ್ರಿಟಿಷ್ ಮಾದರಿಯ ಡಬಲ್ ಕ್ರೋಶಾ ಅಮೆರಿಕದ ಸಿಂಗಲ್ ಕ್ರೋಶಾ. ಇಲ್ಲಿ ಹೇಳಿದ್ದು ಅಮೆರಿಕದ್ದು. ಸಾಬುದಾಣಿ ಗಂಜಿ ಹಾಕಿ, ಗುಂಡುಸೂಜಿ ಚುಚ್ಚಿ ನೆರಳಲ್ಲಿ ಒಣಗಿಸಿ. ಎತ್ತಿಡುವಾಗ ಗಂಜಿ ತೊಳೆದೇ ಇಡಿ, ಇಲ್ಲದಿದ್ದರೆ ಹುಳ ಬೀಳುತ್ತದೆ.

ತೋರಣಕ್ಕೆ 100 ಗ್ರಾಂ ಅಕ್ರಿಲಿಕ್, 3 ಮಿ.ಮೀ. ಕೊಕ್ಕೆ ಕಡ್ಡಿ. ಬರೀ ಚೈನಿನ ಮೇಲೆ ಕಟ್ಟಿದ ತೋರಣ ಮಣಿಗಳ ಭಾರಕ್ಕೆ ನಡುವೆ ಜೋತುಬೀಳುತ್ತದೆ. ಬಾಗಿಲಿಗಿಂತ ಒಂದು ಗೇಣು ಉದ್ದದ ದಪ್ಪ ಲಾಡಿಯನ್ನು ಒಳಗಿಟ್ಟು, ಅದರ ಸುತ್ತಲೇ ಮೊದಲ ಸಾಲಿನ ಸಿಂಗಲ್ ಕ್ರೋಶಾ ಹಾಕಿ, ಎರಡೂ ತುದಿಯಲ್ಲಿ ಲಾಡಿಯನ್ನೇ ಮೊಳೆಗೆ ಕಟ್ಟಿ.