ಮೂರು ಹಳೆಯ ಹಾಯಿದೋಣಿಗಳು: ಭಾರ ಎಷ್ಟು, ಭಾರ ಎಲ್ಲಿ

ಟೆಕ್ಸಾಸ್‌ನ ಆಸ್ಟಿನ್ ನಗರದ ಪಶ್ಚಿಮಕ್ಕಿರುವ ಲೇಕ್ ಟ್ರಾವಿಸ್‌ನಲ್ಲಿ, ಮಾರ್ಚ್‌ನಿಂದ ಮೇ ತಿಂಗಳವರೆಗೆ, ಮಾರಾಟಕ್ಕಿದ್ದ ಮೂರು ಹಾಯಿದೋಣಿಗಳನ್ನು ನಡೆಸಿ ನೋಡಿದೆ. ಒಂದು 1984ರ ಕ್ಯಾಟಲೀನಾ 22, ಇನ್ನೊಂದು 1992ರ ಮ್ಯಾಕ್‌ಗ್ರೆಗರ್ 26ಎಸ್, ಮೂರನೆಯದು 2003ರ ವೆಸ್ಟ್ ವೈಟ್ ಪಾಟರ್ 19. ಮೂರೂ ಕ್ಯಾಲಿಫೋರ್ನಿಯಾದಲ್ಲಿ ತಯಾರಾದವು. ಮೂರನ್ನೂ ಟ್ರೇಲರ್ ಮೇಲೇರಿಸಿ ಕಾರಿನ ಹಿಂದೆ ಎಳೆದೊಯ್ಯಬಹುದು. ಮೂರರಲ್ಲೂ ರಾತ್ರಿ ಮಲಗಲು ಜಾಗವಿದೆ.

ಟ್ರೇಲರ್ ದೋಣಿಯೇ ಬೇಕೆಂದು ಹಟ ಹಿಡಿಯಲು ಕಾರಣ ಈ ಸರೋವರ. ಇದು ಟೆಕ್ಸಾಸ್‌ನ ಕೊಲೊರಾಡೊ ನದಿಗೆ ಮ್ಯಾನ್ಸ್‌ಫೀಲ್ಡ್ ಅಣೆಕಟ್ಟು ಕಟ್ಟಿದ್ದರಿಂದ ಆದ ಜಲಾಶಯ. ಸಮುದ್ರಮಟ್ಟದಿಂದ 681 ಅಡಿಗೆ ನೀರು ಬಂದರೆ ತುಂಬಿದಂತೆ. ಬರಗಾಲದಲ್ಲಿ ಹತ್ತಾರು ಅಡಿ ಇಳಿಯುತ್ತದೆ, ದೋಣಿ ಇಳಿಸುವ ಇಳಿಜಾರುಗಳು ಒಂದೊಂದಾಗಿ ಮುಚ್ಚುತ್ತವೆ, ಅಣೆಕಟ್ಟಿನ ಬಳಿ ಬಂಡೆಯ ದಿಬ್ಬಗಳು ತಲೆ ಎತ್ತುತ್ತವೆ. ಅವುಗಳಿಗೆ ಇಲ್ಲಿಯವರು ‘ಸಮ್‌ಟೈಮ್ಸ್ ಐಲ್ಯಾಂಡ್ಸ್’ ಎಂದೇ ಹೆಸರಿಟ್ಟಿದ್ದಾರೆ: ಆಗಾಗ ಮಾತ್ರ ಕಾಣುವ ದ್ವೀಪಗಳು. ಇಂಥ ಕಡೆ ದೋಣಿಯನ್ನು ಒಂದೇ ಕಟ್ಟೆಗೆ ಕಟ್ಟಿಡುವುದಕ್ಕಿಂತ ಮನೆಯಂಗಳದಲ್ಲಿ ಇಟ್ಟುಕೊಂಡು, ನೀರಿದ್ದ ಕಡೆಗೆ ಒಯ್ಯುವುದೇ ಲೇಸು.

ನಾನು ಹೊನ್ನಾವರದವನು. ಶರಾವತಿಯ ಅಳಿವೆಯಲ್ಲಿ ಚಿಕ್ಕಪ್ಪ ಖಾಲಿ ದೋಣಿಯನ್ನು ಹೊರಡಿಸುವಾಗ ತಳಕ್ಕೆ ಮರಳಿನ ಚೀಲ ಹಾಕುತ್ತಿದ್ದರು. ಅಂದು ಕಂಡದ್ದು ಈ ಮೂರು ದೋಣಿಗಳನ್ನು ಅಳೆಯುವಾಗಲೂ ನೆನಪಿಗೆ ಬಂತು, ಏಕೆಂದರೆ ಮೂರರ ನಡುವಿನ ನಿಜವಾದ ವ್ಯತ್ಯಾಸ ತಳಭಾರದ್ದು. ಮ್ಯಾಕ್‌ಗ್ರೆಗರ್ ಖಾಲಿಯಿದ್ದಾಗ ಸುಮಾರು 750 ಕಿಲೊ. ನೀರಿಗಿಳಿಸಿ ಕವಾಟ ತೆರೆದರೆ ತಳದ ತೊಟ್ಟಿಗೆ ಸುಮಾರು 545 ಕಿಲೊ ನೀರು ತುಂಬಿಕೊಳ್ಳುತ್ತದೆ. ಕ್ಯಾಟಲೀನಾ ಸುಮಾರು 1,020 ಕಿಲೊ, ಅದರಲ್ಲಿ 250 ಕಿಲೊ ಎರಕದ ಕಬ್ಬಿಣದ ಕೀಲ್, ಅಂದರೆ ದೋಣಿಯ ತಳದಿಂದ ನೀರಿನೊಳಕ್ಕೆ ಇಳಿಯುವ ಭಾರದ ಹಲಗೆ. ಪಾಟರ್ ಒಟ್ಟು 555 ಕಿಲೊ, ಅದರಲ್ಲಿ ತಳಭಾರ 168. ಶೇಕಡಾವಾರು ಲೆಕ್ಕ ಹಾಕಿದರೆ ಮ್ಯಾಕ್‌ಗ್ರೆಗರ್‌ಗೆ 42, ಪಾಟರ್‌ಗೆ 30, ಕ್ಯಾಟಲೀನಾಕ್ಕೆ ಬರಿಯ 24. ಈ ಅಂಕಿಯನ್ನಷ್ಟೇ ನೋಡಿದವರು ಮ್ಯಾಕ್‌ಗ್ರೆಗರ್ ಅತ್ಯಂತ ಸ್ಥಿರ ಎನ್ನುತ್ತಾರೆ. ಮನೆಯಲ್ಲಿ ಕಾಗದದ ಮೇಲೆ ಲೆಕ್ಕ ಮಾಡುವಾಗ ನಾನೂ ಹಾಗೆಯೇ ಎಣಿಸಿದ್ದೆ.

ಮೊದಲು ನಡೆಸಿದ್ದು ಅದನ್ನೇ. ದಕ್ಷಿಣದ ಗಾಳಿ ಹತ್ತು ನಾಟ್ ಆಸುಪಾಸು ಬೀಸುತ್ತಿತ್ತು (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೊಮೀಟರ್). ಸುಮಾರು 26 ಅಡಿ ಉದ್ದದ ದೋಣಿ, 235 ಚದರ ಅಡಿ ಹಾಯಿ. ಗಾಳಿ ಬದಿಯಿಂದ ಬಂದಾಗ ಅದರ ಓಟ ನೋಡುವಂತಿತ್ತು. ಜಲರೇಖೆ, ಅಂದರೆ ದೋಣಿ ನೀರಿಗೆ ತಾಗಿರುವ ಭಾಗ, ಉದ್ದವಿದ್ದಷ್ಟೂ ಇಂಥ ದೋಣಿಯ ವೇಗದ ಮಿತಿ ಹೆಚ್ಚು. ಇದರ ಇಪ್ಪತ್ಮೂರೂವರೆ ಅಡಿಗೆ ಆ ಮಿತಿ ಸುಮಾರು 6.5 ನಾಟ್, ಮೊಬೈಲ್‌ನ ಜಿಪಿಎಸ್ ಆರರವರೆಗೆ ತೋರಿಸಿತು. ಆದರೆ ಗುಡ್ಡದ ಸಂದಿನಿಂದ ಗಾಳಿ ಒಮ್ಮೆಲೇ ನುಗ್ಗಿದಾಗ ದೋಣಿ ತಟ್ಟನೆ ವಾಲಿತು. ಹಿಂದೆ ಕೂತಿದ್ದ ಮಗಳು ಕಂಬಿ ಹಿಡಿದುಕೊಂಡಳು. ಇಪ್ಪತ್ತು ಡಿಗ್ರಿ ದಾಟಿದ ಮೇಲೆ, ಅದೃಶ್ಯ ಕೈಯೊಂದು ಕೆಳಗಿನಿಂದ ಆನಿಸಿಕೊಂಡಂತೆ, ಗಟ್ಟಿಯಾಗಿ ನಿಂತಿತು.

ಇದರ ಕಾರಣ ಸರಳ. ಆ 545 ಕಿಲೊ ನೀರು ಹೊಟ್ಟೆಯ ತಳದಲ್ಲೇ ಹರಡಿಕೊಂಡಿದೆ, ಕೆಳಕ್ಕೆ ಜೋತುಬಿದ್ದಿಲ್ಲ. ನೀರಿನೊಳಗಿನ ನೀರಿಗೆ ತೂಕವಿಲ್ಲ. ದೋಣಿ ವಾಲಿ, ತೊಟ್ಟಿಯ ಒಂದು ಬದಿ ಮೇಲೆದ್ದ ಮೇಲೆಯೇ ಅದು ಕೆಲಸ ಆರಂಭಿಸುತ್ತದೆ. ತೊಟ್ಟಿ ಪೂರ್ತಿ ತುಂಬಿರಲೇಬೇಕು. ಅರ್ಧ ತುಂಬಿದ್ದರೆ ನೀರು ವಾಲಿದ ಕಡೆಗೇ ಹರಿದು ಮಗುಚಲು ನೆರವಾಗುತ್ತದೆ. ಈ ದೋಣಿಯನ್ನು ಕೊಳ್ಳುವವರು ಹೊರಡುವ ಮುನ್ನ ಪ್ರತಿ ಸಲವೂ ತೊಟ್ಟಿ ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ಗಾಳಿಗೆ ನೇರ ಎದುರಾಗಿ ಹಾಯಿದೋಣಿ ಹೋಗದು, ಅಂಕುಡೊಂಕಾಗಿ ಒಂದೊಂದೇ ಓರೆಯಲ್ಲಿ ಏರಬೇಕು. ಹಾಗೆ ಏರುವಾಗಲೂ ಹಗುರ ಮೂತಿ ಪಕ್ಕಕ್ಕೆ ಸರಿಯುತ್ತಿತ್ತು. ನಾನು ಹೋಗಬೇಕೆಂದ ಕಡೆಗೆ ಎರಡು ಓರೆಗಳು ಸಾಕು ಎಂದುಕೊಂಡಿದ್ದೆ, ಮೂರು ಬೇಕಾದವು. ಚುಕ್ಕಾಣಿಯ ತಿರುಗಣೆ ಸಡಿಲವಾಗಿದ್ದುದೂ ಅದಕ್ಕೆ ಸ್ವಲ್ಪ ಕಾರಣವಿರಬಹುದು. ಅದು ಮೂವತ್ತು ವರ್ಷದ ಸವೆತ, ರಿಪೇರಿಗೆ ದೊಡ್ಡ ಖರ್ಚಿಲ್ಲ.

ಕ್ಯಾಟಲೀನಾದ ಕಥೆಯೇ ಬೇರೆ. ಫ್ರಾಂಕ್ ಬಟ್ಲರ್ ವಿನ್ಯಾಸಗೊಳಿಸಿದ ಈ ದೋಣಿ ಹದಿನೈದು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿದೆ. ಅದರ ಬಹುತೇಕ ಬಿಡಿಭಾಗಗಳು ಇಂದಿಗೂ ಸಿಗುತ್ತವೆ ಎಂಬುದೇ ಹಳೆಯದನ್ನು ಕೊಳ್ಳುವವನಿಗೆ ಅರ್ಧ ಧೈರ್ಯ. ಉದ್ದ ಇಪ್ಪತ್ತೊಂದೂವರೆ ಅಡಿ, ಹಾಯಿ 212 ಚದರ ಅಡಿ. ಕೀಲ್ ಒಂದು ಪಿನ್ನಿನಿಂದ ತೂಗುತ್ತದೆ. ಕೋಣೆಯೊಳಗಿನ ಮೆಟ್ಟಿಲ ಕೆಳಗಿನ ವಿಂಚನ್ನು (ತಂತಿ ಸುತ್ತುವ ರಾಟೆಯನ್ನು) ಇಪ್ಪತ್ತಕ್ಕೂ ಹೆಚ್ಚು ಸುತ್ತು ತಿರುಗಿಸಿದರೆ ಅದು ಐದು ಅಡಿ ಆಳಕ್ಕೆ ಇಳಿದು ನಿಲ್ಲುತ್ತದೆ, ಎತ್ತಿದರೆ ದೋಣಿಗೆ ಎರಡು ಅಡಿ ನೀರು ಸಾಕು. ಕೀಲಿನ ತೂಕ ಮ್ಯಾಕ್‌ಗ್ರೆಗರ್‌ನ ತಳಭಾರದ ಅರ್ಧಕ್ಕಿಂತ ಕಡಿಮೆ, ಆದರೆ ಇದು ಕಬ್ಬಿಣ, ಅದೂ ಆಳದಲ್ಲಿದೆ. ಉದ್ದನೆಯ ಸನ್ನೆಯ ತುದಿಗೆ ಕಟ್ಟಿದ ಕಲ್ಲಿನಂತೆ.

ಆ ದಿನ ಗಾಳಿ ಹನ್ನೆರಡು ನಾಟ್ ಇತ್ತು, ಆಗಾಗ ಹದಿನೆಂಟಕ್ಕೆ ಏರುತ್ತಿತ್ತು. ಮೊದಲ ಹೊಡೆತಕ್ಕೆ ದೋಣಿ ಹದಿನೈದು ಡಿಗ್ರಿ ವಾಲಿತು, ಅಲ್ಲಿಯೇ ಕೂತಿತು, ವಾಲಿಕೊಂಡೇ ವೇಗ ಹಿಡಿಯಿತು. ಐದು ನಾಟ್ ಸಮೀಪಿಸುತ್ತಿದ್ದಂತೆ ಕೆಳಗಿನಿಂದ ಗುಂಯ್ ಎಂಬ ನಾದ ಎದ್ದಿತು. ಕೀಲ್ ಎತ್ತುವ ತಂತಿ ನೀರಿನಲ್ಲಿ ಕಂಪಿಸುವ ಸದ್ದು ಅದು, ತಂಬೂರಿಯ ಶ್ರುತಿಯಂತೆ. ಹೆಂಡತಿಗೆ ಮೊದಲು ಗಾಬರಿಯಾಯಿತು, ಕಾರಣ ತಿಳಿದ ಮೇಲೆ ನಾದ ಏರಿಳಿದಂತೆ ವೇಗ ಎಷ್ಟೆಂದು ಆಕೆಯೇ ಹೇಳತೊಡಗಿದಳು. ಗಾಳಿಗೆ ಎದುರಾಗಿ ಏರುವಾಗ ಒಂದು ಓರೆಯಿಂದ ಇನ್ನೊಂದಕ್ಕೆ ತಿರುಗುವ ಕೋನ ಸುಮಾರು ತೊಂಬತ್ತೈದು ಡಿಗ್ರಿ, ಮ್ಯಾಕ್‌ಗ್ರೆಗರ್‌ನಲ್ಲಿ ನೂರಹತ್ತರ ಹತ್ತಿರವಿತ್ತು. ತಿರುಗಿಸುವಾಗ ಚುಕ್ಕಾಣಿ ಒತ್ತಿದರೆ ಸಾಕು, ತನ್ನ ಭಾರದ ಓಘದಲ್ಲೇ ಮೂತಿ ಗಾಳಿಯನ್ನು ದಾಟಿ ಇನ್ನೊಂದು ಬದಿಗೆ ಬರುತ್ತಿತ್ತು.

ಮಧ್ಯಾಹ್ನ ಒಂದು ಕೊಲ್ಲಿಯಲ್ಲಿ ಲಂಗರು ಹಾಕಿ ಪುಳಿಯೋಗರೆ ತಿನ್ನುತ್ತಿದ್ದಾಗ ಮೋಟಾರು ದೋಣಿಯೊಂದು ಅಲೆ ಎಬ್ಬಿಸಿಕೊಂಡು ಹೋಯಿತು. ಆಗ ನೆಲದಡಿಯಿಂದ ಟಕ್, ಟಕ್ ಎಂದು ಬಡಿಯುವ ಸದ್ದು ಕೇಳಿತು. ಕೀಲ್ ತನ್ನ ಪಿನ್ನಿನ ಮೇಲೆ ಅಲುಗಾಡುತ್ತಿತ್ತು. ಇಂಥ ದೋಣಿ ಕೊಳ್ಳುವವರು ಓಡಿಸಿ ನೋಡಿದರೆ ಸಾಲದು, ಅಲೆಯಲ್ಲಿ ನಿಲ್ಲಿಸಿ ಕಿವಿಗೊಡಬೇಕು. ಪಿನ್, ತಂತಿ, ಅವನ್ನು ಹಿಡಿದಿರುವ ಬೋಲ್ಟುಗಳು: ಕ್ಯಾಟಲೀನಾದ ಆಯುಷ್ಯ ಇರುವುದು ಅಲ್ಲಿ. ತಂತಿ ಹರಿದರೆ 250 ಕಿಲೊ ಕಬ್ಬಿಣ ಒಮ್ಮೆಗೇ ಕೆಳಗೆ ಬೀಳುತ್ತದೆ. ಟ್ರೇಲರ್ ಮೇಲಿರುವಾಗ ಕೀಲನ್ನು ತಂತಿಗೆ ನೇತುಹಾಕದೆ, ಟ್ರೇಲರಿನ ಆಸರೆಯ ಮೇಲೆ ಇಳಿಸಿಡಬೇಕು. ಇನ್ನೊಂದು ವಿಷಯವನ್ನು ಮರೆಮಾಚಲಾರೆ. ಮ್ಯಾಕ್‌ಗ್ರೆಗರ್ ಮತ್ತು ಪಾಟರ್‌ಗಳಲ್ಲಿ ಮುಳುಗದಂತೆ ಫೋಮ್ ತುಂಬಿದ್ದಾರೆ. ನಾನು ನೋಡಿದ ಕ್ಯಾಟಲೀನಾದಲ್ಲಿ ಅದಿಲ್ಲ. ಜೋರುಗಾಳಿಯಲ್ಲಿ ಕೋಣೆಯ ಬಾಗಿಲ ಹಲಗೆಗಳನ್ನೂ ಹಿಂಬದಿಯ ಪೆಟ್ಟಿಗೆಗಳ ಮುಚ್ಚಳಗಳನ್ನೂ ಭದ್ರಪಡಿಸದೆ ಅದನ್ನು ನಡೆಸಬಾರದು.

ಪಾಟರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹದಿನೆಂಟು ಮುಕ್ಕಾಲು ಅಡಿಯ ಗಟ್ಟಿಮುಟ್ಟಾದ ಪುಟ್ಟ ದೋಣಿ, ಕೀಲ್ ಎತ್ತಿದರೆ ಅರ್ಧ ಅಡಿ ನೀರಿನಲ್ಲೂ ತೇಲುತ್ತದೆ. ಹಾಯಿಕಂಬವನ್ನು ನಾನೊಬ್ಬನೇ ಎತ್ತಿ ನಿಲ್ಲಿಸಿದೆ. ಒಂಟಿಯಾಗಿ ಹೋಗುವವರಿಗೆ, ಚಿಕ್ಕ ಕಾರಿರುವವರಿಗೆ ಇದನ್ನು ಮನಸಾರೆ ಹೇಳುತ್ತೇನೆ. ಆದರೆ ಅಲೆಗೆ ಎದುರಾದಾಗ ಅದರ ಹಗುರ ಒಡಲು ಪ್ರತಿ ಅಲೆಗೂ ತಡೆದು ನಿಲ್ಲುತ್ತಿತ್ತು, ನಾವು ಮೂವರು ಕೂತರೆ ಕಾಲು ಚಾಚಲು ಜಾಗವಿರಲಿಲ್ಲ. ಅದರ ಕೀಲ್ ಉಕ್ಕಿನ ಹಲಗೆ, ನೇರವಾಗಿ ಮೇಲೆ ಕೆಳಗೆ ಸರಿಯುತ್ತದೆ. ಬಂಡೆಗೆ ತಾಗಿದರೆ ಹಿಂದಕ್ಕೆ ಮಡಚಿಕೊಳ್ಳುವುದಿಲ್ಲ. ದ್ವೀಪಗಳು ಬಂದುಹೋಗುವ ಸರೋವರದಲ್ಲಿ ಇದು ಸಣ್ಣ ಮಾತಲ್ಲ. ಕ್ಯಾಟಲೀನಾದ್ದು ತಾಗಿದರೆ ಹಿಂದಕ್ಕೆ ತೂಗಿ ದಾರಿ ಬಿಡುತ್ತದೆ, ಅದನ್ನು ಅಲುಗದಂತೆ ಹಿಡಿಯುವ ಬೋಲ್ಟನ್ನು ಬಿಗಿದು ಬಂಧಿಸಿರದಿದ್ದರೆ ಮಾತ್ರ.

ರಸ್ತೆಯ ಮೇಲೆ ಲೆಕ್ಕ ತಲೆಕೆಳಗಾಗುತ್ತದೆ. ಮ್ಯಾಕ್‌ಗ್ರೆಗರ್‌ನ ತಳಭಾರವನ್ನು ಇಳಿಜಾರಿನಲ್ಲೇ ಹರಿಯಬಿಟ್ಟು ಹಗುರ ದೋಣಿಯನ್ನು ಎಳೆದು ತರಬಹುದು. ಅದನ್ನು ವಿನ್ಯಾಸಗೊಳಿಸಿದ ರೋಜರ್ ಮ್ಯಾಕ್‌ಗ್ರೆಗರ್ ಅವರ ಈ ಉಪಾಯಕ್ಕೆ ನನಗೆ ನಿಜವಾದ ಗೌರವವಿದೆ. ಕ್ಯಾಟಲೀನಾದ ಕಬ್ಬಿಣ ಹೋದಲ್ಲೆಲ್ಲ ಜೊತೆಗೇ ಬರುತ್ತದೆ. ನಮ್ಮ ಹೈಲ್ಯಾಂಡರ್ ಕಾರು 5,000 ಪೌಂಡ್ (ಸುಮಾರು 2,270 ಕಿಲೊ) ಎಳೆಯಬಲ್ಲದು, ಹಾಗಾಗಿ ಶಕ್ತಿಗೆ ಕೊರತೆಯಾಗಲಿಲ್ಲ. ಆದರೂ ಬ್ರೇಕ್ ಹಾಕಿದಾಗ ಹಿಂದಿನ ಭಾರ ಬೆನ್ನಿಗೆ ಒತ್ತಿದ್ದು ಸ್ಪಷ್ಟವಾಗಿ ತಿಳಿಯಿತು. ಇಪ್ಪತ್ತೈದು ಅಡಿಯ ಹಾಯಿಕಂಬ ಎತ್ತಲು ಇಬ್ಬರು ಬೇಕು, ದೋಣಿ ಸಿದ್ಧವಾಗಲು ಒಂದೂವರೆ ಗಂಟೆ ಹಿಡಿಯಿತು. ಪಾಟರ್‌ಗೆ ಮುಕ್ಕಾಲು ಗಂಟೆ. ಯಾವ ದೋಣಿಯೇ ಆಗಲಿ, ಕಂಬ ಎತ್ತುವ ಮುನ್ನ ತಲೆಯ ಮೇಲೆ ವಿದ್ಯುತ್ ತಂತಿಯಿಲ್ಲವೆಂದು ನೋಡಿಕೊಳ್ಳಿ. ಈ ಆಟದಲ್ಲಿ ಜೀವ ಹೋಗುವುದು ನೀರಿನಲ್ಲಿ ಮಾತ್ರವಲ್ಲ.

ತಿಂಗಳಿಗೊಮ್ಮೆ ದೂರದ ಸರೋವರಗಳಿಗೆ ಹೋಗುವ ಮನೆಯವರಾಗಿದ್ದರೆ ಮ್ಯಾಕ್‌ಗ್ರೆಗರ್ ಕೊಳ್ಳುತ್ತಿದ್ದೆವು. ನಮ್ಮ ಮನೆಯಿಂದ ನೀರಿಗೆ ಇಪ್ಪತ್ತು ಮೈಲಿ, ನೀರಿನ ಮೇಲೆ ಇಡೀ ದಿನ. ಎಳೆಯುವ ಅರ್ಧ ಗಂಟೆಗಿಂತ ನಡೆಸುವ ಆರು ಗಂಟೆ ನಮಗೆ ಹೆಚ್ಚು. ಗಾಳಿ ನುಗ್ಗಿದಾಗ ಮಗಳ ಕೈ ಕಂಬಿಯತ್ತ ಹೋಗದ ದೋಣಿ ಬೇಕಿತ್ತು.

ಕ್ಯಾಟಲೀನಾದ ಮಾಲೀಕರು 3,800 ಡಾಲರ್ ಕೇಳಿದ್ದರು. ದೋಣಿಯನ್ನು ಪಟ್ಟಿಗಳಲ್ಲಿ ಎತ್ತಿಸಿ, ಕೀಲಿನ ಪಿನ್ ಹೊರತೆಗೆದು ನೋಡಿದ ಮೇಲೆಯೇ ಹಣ ಎಂದೆ. ಆ ಹಿರಿಯರು ಬೇಸರಪಡದೆ ಒಪ್ಪಿ, ತಾವೇ ಸ್ಪ್ಯಾನರ್ ಹಿಡಿದು ನಿಂತರು. ಪಿನ್ನಿನ ನಡುವೆ ಉಗುರು ಸಿಕ್ಕಿಕೊಳ್ಳುವಷ್ಟು ತೋಡು ಬಿದ್ದಿತ್ತು. 600 ಡಾಲರ್ ಇಳಿಸಿದರು. ಹೊಸ ಪಿನ್, ಹೊಸ ತಂತಿ ಹಾಕಿ ಜೂನ್ ಮೊದಲ ವಾರ ಅದೇ ಕೊಲ್ಲಿಯಲ್ಲಿ ಲಂಗರು ಹಾಕಿ ರಾತ್ರಿ ಕಳೆದೆವು. ತಡವಾಗಿ ಒಂದು ಮೋಟಾರು ದೋಣಿ ಹಾದುಹೋಯಿತು. ಅಲೆ ಬಂದು ತೂಗಿತು. ನಾವು ಮೂವರೂ ಕಿವಿಗೊಟ್ಟು ಕಾದೆವು, ನೆಲದಡಿಯಿಂದ ಸದ್ದೇನೂ ಬರಲಿಲ್ಲ.