ನಿಗಡಿಯಲ್ಲಿ ತಂದ ರ್ಯಾಚೆಟ್ ಬೆಲ್ಟ್: ಆರು ತಿಂಗಳ ಬಳಕೆಯ ನಂತರ

ಪುಣೆ ಹತ್ತಿರದ ಚಾಕಣದ ಒಂದು ಕಾರ್ಖಾನೆಯ ಡಿಸ್ಪ್ಯಾಚ್‌ನಲ್ಲಿ ನನ್ನ ಕೆಲಸ. ಗಾಡಿ ಗೇಟ್ ದಾಟುವ ಮೊದಲು ಸರಕು ಸರಿಯಾಗಿ ಕಟ್ಟಿದ್ದಾರಾ ಅಂತ ನೋಡಿ ನಾನೇ ಸಹಿ ಹಾಕಬೇಕು. ಆರು ತಿಂಗಳ ಹಿಂದೆ ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದಿಂದ 50 ಮಿಲಿಮೀಟರ್ ಅಗಲದ ಎಂಟು ರ್ಯಾಚೆಟ್ ಬೆಲ್ಟ್ ತಂದೆ, ಅಂದರೆ ಹಗ್ಗದ ಬದಲು ಸರಕಿಗೆ ಕಟ್ಟಿ ಹಿಡಿಕೆಯಿಂದ ಬಿಗಿ ಮಾಡುವ ಪಟ್ಟಿ. ಒಂದಕ್ಕೆ 850 ರೂಪಾಯಿ.

ಕಳೆದ ಮಳೆಗಾಲದಲ್ಲಿ ನಾನು ಸಹಿ ಹಾಕಿ ಕಳಿಸಿದ ಗಾಡಿ ಖಂಬಾಟ್ಕಿ ಘಾಟ್‌ನಲ್ಲಿ ಜೋರಾಗಿ ಬ್ರೇಕ್ ಹಾಕಿತು. ಎರಕದ ಸಾಮಾನಿನ ಪೆಟ್ಟಿಗೆಗಳು ಮುಂದಕ್ಕೆ ಜಾರಿ ಕ್ಯಾಬಿನ್ನಿನ ಹಿಂದಿನ ತಗಡನ್ನು ಒಳಕ್ಕೆ ನೂಕಿದವು. ಡ್ರೈವರ್‌ ಪಕ್ಕೆಲುಬು ಮುರಿಯಿತು. ಹಗ್ಗ ಹರಿದಿರಲಿಲ್ಲ, ಸಡಿಲಾಗಿತ್ತು. ಅಲ್ಲಿಂದ ಹಗ್ಗ ಬಿಟ್ಟೆ.

ಬೆಲ್ಟ್ ಚೆನ್ನಾಗಿದೆ. ಆದರೆ ಅದರ ಮೇಲಿನ ನೀಲಿ ಚೀಟಿ ಓದಿಯೇ ಕೊಳ್ಳಿ. ಅಂಗಡಿಯವರು 5 ಟನ್ ಬೆಲ್ಟ್ ಅಂದರು. ಚೀಟಿಯಲ್ಲಿ ನೇರ ಎಳೆತಕ್ಕೆ ಇದ್ದದ್ದು 2500 ಡೆಕಾನ್ಯೂಟನ್, ಅಂದರೆ ಸುಮಾರು ಎರಡೂವರೆ ಟನ್. 5 ಟನ್ ಅನ್ನೋದು ಸರಕಿಗೆ ಸುತ್ತು ಹಾಕಿ ಕಟ್ಟಿದಾಗಿನ ಲೆಕ್ಕ. ಅದೇ ಚೀಟಿಯಲ್ಲಿ ಎಸ್‌ಟಿಎಫ್ 300 ಅಂತಲೂ ಇದೆ. ಹಿಡಿಕೆ ಎಳೆದಾಗ ಬೆಲ್ಟಿನಲ್ಲಿ ಉಳಿಯುವ ಬಿಗಿ ಅಷ್ಟೇ, 300 ಕಿಲೋ ಹತ್ತಿರ. ಬ್ರೇಕ್ ಹಾಕಿದರೆ ಸರಕು ತನ್ನ ತೂಕದ ಶೇಕಡಾ 80ರಷ್ಟು ಬಲದಿಂದ ಮುಂದಕ್ಕೆ ನುಗ್ಗಬಹುದು ಅಂತ ಯುರೋಪಿನ ನಿಯಮ ಲೆಕ್ಕ ಹಿಡಿಯುತ್ತದೆ. ಹಾಗಾಗಿ ಬರೀ ಬೆಲ್ಟ್ ನಂಬಬಾರದು. ಪೆಟ್ಟಿಗೆಗಳನ್ನು ಮುಂದಿನ ಗೋಡೆಗೆ ತಾಗಿಸಿ ಇಡಿಸುತ್ತೇನೆ, ಕೆಳಗೆ ರಬ್ಬರ್ ಶೀಟ್ ಹಾಕಿಸುತ್ತೇನೆ.

ಮೊದಲ ದಿನ ಜಮಖಂಡಿ ಕಡೆಯ ಡ್ರೈವರ್ ಕಾಕಾ ಒಬ್ಬರು ಬೆಲ್ಟನ್ನು ಸಡಿಲ ಇದ್ದಂಗೇ ರ್ಯಾಚೆಟ್ಟಿಗೆ ಸಿಕ್ಕಿಸಿ ತಿರುಗಿಸುತ್ತಲೇ ಹೋದರು. ಉರುಳೆ ತುಂಬಿ ಹಿಡಿಕೆ ಸಿಕ್ಕಿಕೊಂಡಿತು. "ತಮ್ಮಾ, ಇದು ಹಗ್ಗದಷ್ಟ ಛಲೋ ಇಲ್ಲ ಬಿಡು" ಅಂದರು. "ಕಾಕಾ, ಮೊದಲ ಕೈಲೇ ಎಳೀರಿ, ಆಮ್ಯಾಲ ತಿರುಗಸ್ರಿ" ಅಂದೆ. ಕೈಯಲ್ಲಿ ಪೂರ್ತಿ ಎಳೆದು ಹಾಕಿದ ಮೇಲೆ ಎರಡೇ ಸುತ್ತಿಗೆ ಬೆಲ್ಟ್ ತಂತಿ ಹಾಗೆ ನಿಂತಿತು. ಬೆರಳಿನಿಂದ ಮೀಟಿ ನೋಡಿದರು, ಮತ್ತೆ ಏನೂ ಹೇಳಲಿಲ್ಲ. ಈಗ ಖೇಡ್ ಶಿವಾಪುರ ಟೋಲ್ ಹತ್ತಿರ ಇಳಿದು ಮತ್ತೊಮ್ಮೆ ಬಿಗಿ ಮಾಡಿ ನನಗೆ ಫೋನ್ ಮಾಡುತ್ತಾರೆ. ಸರಕು ಸ್ವಲ್ಪ ದೂರ ಹೋದ ಮೇಲೆ ಕೆಳಗೆ ಕೂರುತ್ತದೆ, ಬೆಲ್ಟ್ ಸಡಿಲಾಗುತ್ತದೆ. ಘಾಟ್ ಶುರುವಾಗುವ ಮೊದಲೇ ಇದನ್ನು ನೋಡಬೇಕು, ಅಲ್ವಾ?

ಗಂಟು ಮಾತ್ರ ಹಾಕಬೇಡಿ, ಬೆಲ್ಟಿನ ಶಕ್ತಿ ಅರ್ಧ ಹೋಗುತ್ತದೆ. ಪೆಟ್ಟಿಗೆಯ ಚೂಪು ಅಂಚಿಗೆ ಪ್ಲಾಸ್ಟಿಕ್ ಮೂಲೆ ಇಡಲೇಬೇಕು. ಒಂದು ದಿನ ಅದನ್ನು ಮರೆತಿದ್ದಕ್ಕೆ ಒಂದು ಬೆಲ್ಟಿನ ಬದಿಯಲ್ಲಿ ಅರ್ಧ ಇಂಚು ಸೀಳು ಬಂತು. ಅದನ್ನು ಅಲ್ಲೇ ಕತ್ತರಿಸಿ ಎಸೆದೆ, ಯಾರೂ ಮತ್ತೆ ಬಳಸಬಾರದು ಅಂತ.

ಎಂಟರಲ್ಲಿ ಎರಡಕ್ಕೆ ಚೀಟಿಯೇ ಇರಲಿಲ್ಲ. ಅಂಗಡಿಯವರು ತಕರಾರಿಲ್ಲದೆ ಬದಲಾಯಿಸಿ ಕೊಟ್ಟರು. ಹುಕ್ಕಿನ ಬಾಯಿ ಸ್ವಲ್ಪ ಕಿರಿದು. ಹಳೆ ಗಾಡಿಗಳ ದಪ್ಪ ಪೈಪಿಗೆ ಪೂರ್ತಿ ಕೂರುವುದಿಲ್ಲ, ತುದಿಯಲ್ಲಿ ನೇತಾಡುತ್ತದೆ. ಅಂಥ ಗಾಡಿ ಬಂದರೆ ಈಗಲೂ ಚೈನೇ ಹಾಕಿಸುತ್ತೇನೆ.